ನೀರು ಕೇಳದ ಮಾಸ್ತರು

ಮಾಸ್ತರು ಯಾರ ಮನೆಗೆ ಹೋದರೂ ನೀರು ಕೇಳುತ್ತಿರಲಿಲ್ಲ.

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಟಿಕೋಟಾ, ಬಬಲೇಶ್ವರದ ಬಿಸಿಲು ಕಂಡವರಿಗೆ ಗೊತ್ತು, ಇಲ್ಲಿ ಬಂದವರಿಗೆ ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಕೊಡುತ್ತಾರೆ. ಯಾಕೆ ಬಂದಿರಿ ಎಂದು ಕೇಳುವುದು ಆಮೇಲೆ. ಆದರೆ ಆಗ ಆ ತಂಬಿಗೆ ಎಲ್ಲರ ಕೈಗೂ ಬರುತ್ತಿರಲಿಲ್ಲ. ಕೆಲವರನ್ನು ಅಂಗಳದಲ್ಲೇ ನಿಲ್ಲಿಸಿ, ಬೊಗಸೆ ಒಡ್ಡಿಸಿ, ಮೇಲಿನಿಂದ ಹೊಯ್ಯುತ್ತಿದ್ದರು. ಮಾಸ್ತರು ಆ ಕೆಲವರಲ್ಲಿ ಹುಟ್ಟಿದವರು, ಕಾಖಂಡಕಿ ಕಡೆಯ ಒಂದು ಹಳ್ಳಿಯ ಕೇರಿಯವರು. ಚಿಕ್ಕಂದಿನಲ್ಲಿ ಬೊಗಸೆಯಲ್ಲಿ ಕುಡಿದದ್ದು ಸಾಕು ಎಂದು ದೊಡ್ಡವರಾದ ಮೇಲೆ ಬಿಟ್ಟುಬಿಟ್ಟಿದ್ದರು. ಯುದ್ಧದ ಕಾಲಕ್ಕೆ ಪಲ್ಟನ್ನಿಗೆ ಹೋಗಿ, ತಿರುಗಿ ಬಂದು, ಓದು ಮುಗಿಸಿ ಮಾಸ್ತರಿಕೆಗೆ ಸೇರಿದವರು. ಪಲ್ಟನ್ನಿನಿಂದ ಎರಡು ವಸ್ತು ತಂದಿದ್ದರು. ಒಂದು ಹಿಂದಿ ಭಾಷೆ, ಇನ್ನೊಂದು ಖಾಕಿ ಬಟ್ಟೆ ಸುತ್ತಿದ ನೀರಿನ ಬಾಟ್ಲಿ. ಆ ಬಾಟ್ಲಿ ಸದಾ ಹೆಗಲ ಮೇಲಿರುತ್ತಿತ್ತು. ಹೊರಗೆ ಹೊರಟರೆ ತಮ್ಮ ನೀರು ತಾವೇ ಒಯ್ಯುತ್ತಿದ್ದರು.

ಮೊನ್ನೆ ಅವರು ತೀರಿಕೊಂಡ ಸುದ್ದಿ ಬಂತು. ವಿಜಾಪುರಕ್ಕೆ ಹೋಗಿ ಗಾಂಧಿ ಚೌಕದಲ್ಲಿ ಇಳಿದು, ಅವರ ಮನೆಯ ಓಣಿ ಹುಡುಕಿಕೊಂಡು ಹೋದೆ. ಜನ ಬಹಳ ಸೇರಿದ್ದರು, ಅರ್ಧಕ್ಕಿಂತ ಹೆಚ್ಚು ಅವರ ಕೈಯಲ್ಲಿ ಕಲಿತವರೇ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಒಂದು ಮೊಳೆಗೆ ಅದೇ ಬಾಟ್ಲಿ. ಖಾಕಿ ಬಟ್ಟೆ ಜೀರ್ಣವಾಗಿ ನೂಲು ನೂಲಾಗಿತ್ತು. ಸಾವಿನ ಮನೆಯಲ್ಲಿ ನಗಬಾರದು, ಆದರೆ ನನಗೆ ನಗು ಬಂತು. ನಮ್ಮೂರಲ್ಲಿ ಅವರ ಹೆಸರೇ 'ಬಾಟ್ಲಿ ಮಾಸ್ತರ' ಎಂದಾಗಿತ್ತು. ಹೊಸದಾಗಿ ಬಂದ ಸಾಹೇಬರೊಬ್ಬರು ಆ ಹೆಸರು ಕೇಳಿ, ತಪಾಸಣೆಗೆ ಬಂದ ದಿನ ಮಾಸ್ತರ ಬಾಯಿಯ ವಾಸನೆ ಸಿಗುವಷ್ಟು ಹತ್ತಿರ ಹೋಗಿ ನಿಂತು ಮಾತಾಡಿದ್ದರು. ಮಾಸ್ತರಿಗೆ ತಿಳಿಯಿತು. ಬಾಟ್ಲಿಯ ಮುಚ್ಚಳ ತೆಗೆದು, ಸಾಹೇಬರ ಕರವಸ್ತ್ರ ಕೇಳಿ ಪಡೆದು, ಅದರ ಮೇಲೆ ಸ್ವಲ್ಪ ನೀರು ಹಾಕಿ, ಮುಖ ಒರೆಸಿಕೊಳ್ಳಿರಿ, ಬಿಸಿಲು ಬಹಳ ಇದೆ ಎಂದರು.

ಇಸವಿ ಅರವತ್ತರ ಆಚೆ ಈಚೆಯ ಆ ವರ್ಷಗಳಲ್ಲಿ ನಮ್ಮೂರ ಶಾಲೆಗೆ ಅವರು ಹೆಡ್ ಮಾಸ್ತರು, ನಾನು ಅವರ ಕೈಕೆಳಗಿನ ಸಣ್ಣ ಮಾಸ್ತರ. ಟಿಕೋಟಾದಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದರು, ಸೈಕಲ್ಲಿನ ಮೇಲೆ ಬರುತ್ತಿದ್ದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಿಳಿ ಟೊಪ್ಪಿಗೆ. ಗೌಡರ ಮನೆಯ ಮುಂದೆ ಎಲ್ಲರೂ ಸೈಕಲ್ಲಿನಿಂದ ಇಳಿದು, ನೂಕಿಕೊಂಡು ಹೋಗಿ, ಮುಂದೆ ಮತ್ತೆ ಹತ್ತುವುದು ರೂಢಿ. ಮಾಸ್ತರು ಗಂಟೆ ಬಾರಿಸಿ, ನಮಸ್ಕಾರ್ರಿ ಗೌಡ್ರ ಎಂದು ಹೇಳಿ ಹಾಗೇ ಹೋಗುತ್ತಿದ್ದರು. ಇಳಿದು ಹೋಗಲು ಏನಾಗಿದೆ ಎಂದು ಗೌಡರು ಒಮ್ಮೆ ತಡೆದು ಕೇಳಿದಾಗ, "ಬ್ರೇಕ್ ಛಲೋ ಇಲ್ರಿ" ಎಂದಿದ್ದರು. ಅಲ್ಲಿದ್ದಷ್ಟು ವರ್ಷ ಆ ಬ್ರೇಕು ದುರಸ್ತಿಯಾಗಲಿಲ್ಲ.

ನಮ್ಮ ಮಾತಿನಲ್ಲಿ 'ರಿ' ಎಂಬ ಒಂದು ಅಕ್ಷರವಿದೆ. ಬಸ್ಸಿನ ಕಂಡಕ್ಟರನಿಗೂ, ಗುರುತಿಲ್ಲದ ಬಳೆಗಾರನಿಗೂ ನಾವು ಬರ್ರಿ, ಕುಂದರ್ರಿ ಅನ್ನುತ್ತೇವೆ, ಅದಕ್ಕೆ ಖರ್ಚೇನೂ ಇಲ್ಲ. ಆದರೂ ಊರ ಹಿರಿಯರು ಆ ಒಂದು ಅಕ್ಷರವನ್ನು ಮಾಸ್ತರಿಗೆ ಕೊಡಲಿಲ್ಲ. 'ಏ ಮಾಸ್ತರಾ, ಬಾ ಇಲ್ಲಿ' ಎಂದೇ ಕರೆಯುತ್ತಿದ್ದರು. ಮಾಸ್ತರು ಅದಕ್ಕೆ ಬಡ್ಡಿ ಸೇರಿಸಿದವರಂತೆ ಎಲ್ಲರಿಗೂ, ಒಂದನೇ ಇಯತ್ತೆಯ ಸಿಂಬಳ ಸುರಿಸುವ ಮಕ್ಕಳಿಗೂ 'ರಿ' ಹಚ್ಚುತ್ತಿದ್ದರು. ಊರು ದುರಗ್ಯಾ ಎಂದು ಕರೆಯುವವನು ಹಾಜರಿಯಲ್ಲಿ 'ದುರ್ಗಪ್ಪ ಅವರು' ಆಗುತ್ತಿದ್ದ. ಶಾಲೆಯ ಕಸ ಗುಡಿಸುವ ಕೇರಿಯ ಮುದುಕಿಯನ್ನು ಊರೆಲ್ಲ 'ಯಲ್ಲಿ' ಎಂದರೆ ಇವರು 'ಯಲ್ಲವ್ವಾರ' ಎನ್ನುತ್ತಿದ್ದರು. ಮೊದಮೊದಲು ಆಕೆ ತನ್ನನ್ನಲ್ಲ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಹಿಂದೆ ತಿರುಗಿ ನೋಡುತ್ತಿದ್ದಳು.

ಶಾಲೆಯ ಮೂಲೆಯಲ್ಲಿ ಒಂದು ಹರವಿ, ಅಂದರೆ ದೊಡ್ಡ ಮಣ್ಣಿನ ಮಡಕೆ, ತುಂಬಿ ಇಟ್ಟಿರುತ್ತಿತ್ತು. ಊರ ಸಿಹಿನೀರ ಬಾವಿಯ ನೀರು. ಒಂದು ಬೇಸಗೆ ಅವರ ಬಾಟ್ಲಿ ಖಾಲಿಯಾದದ್ದು ನೋಡಿ ನಾನು ಆ ಹರವಿಯಿಂದ ತುಂಬಿ ಕೊಡಲು ಹೋದೆ. ಬೇಡ ಎಂದರು. ಯಲ್ಲವ್ವ ಮುಂಜಾನೆಯಿಂದ ಬಾವಿಯ ಹತ್ತಿರ ಬೇವಿನ ಗಿಡದ ಬುಡದಲ್ಲಿ ಕೊಡ ಇಟ್ಟುಕೊಂಡು, ಯಾರಾದರೂ ಸೇದಿ ಹೊಯ್ಯುತ್ತಾರೇನೋ ಎಂದು ಕಾಯುತ್ತಿದ್ದಾಳೆ, ಆ ಬಾವಿಯ ನೀರು ನನಗೆ ಗಂಟಲಲ್ಲಿ ಇಳಿಯುವುದಿಲ್ಲ ಎಂದರು. ಖಾಲಿ ಬಾಟ್ಲಿಯ ಮುಚ್ಚಳ ಹಾಕಿ, "ಸಣ್ಣ ಮಾಸ್ತರ, ಕೇಳಿ ಕುಡದ ನೀರಿಗೆ ನೀರಡಕಿ ಹೋಗಂಗಿಲ್ರಿ" ಅಂದರು. ಆ ಮಾತು ನನಗೆ ಆಗ ಪೂರ್ತಿ ಅರ್ಥವಾಗಿರಲಿಲ್ಲ. ಬಾವಿಯ ಹಗ್ಗ ಹಿಡಿದೇ ಹುಟ್ಟಿದವನಿಗೆ ಹೇಗೆ ಅರ್ಥವಾಗಬೇಕು.

ಇನ್ನು ನನ್ನ ದೊಡ್ಡವ್ವನ ವಿಷಯ. ನನ್ನ ಅವ್ವನ ಅಕ್ಕ ಈಕೆ. ಗಂಡನಿಲ್ಲ, ಹೊಲ ಬೇಕಾದಷ್ಟು, ಬಾಯಿ ಅದಕ್ಕಿಂತ ಹೆಚ್ಚು. ಗೌಡರು ಆಕೆಗೆ ಮೈದುನನಾಗಬೇಕು, ಅವರೂ ಆಕೆಯ ಎದುರು ದನಿ ತಗ್ಗಿಸುತ್ತಿದ್ದರು. ಆಕೆಗೆ ಒಂದೇ ಹಂಬಲ. ತನ್ನ ಅತ್ತೆ ಹಿಂದೆ ಕಾಶಿಗೆ ಹೋಗಿ ಗಂಗೆ ತಂದು ಊರ ಬಾವಿಗೆ ಕೂಡಿಸಿದ್ದಳು. ತಾನೂ ಸಾಯುವ ಮುಂಚೆ ಅದನ್ನು ಮಾಡಬೇಕು.

ಗಂಗೆ ಕೂಡಿಸುವುದಕ್ಕೆ ನಮ್ಮೂರಲ್ಲಿ ಒಂದು ಪದ್ಧತಿ ಇತ್ತು. ಕಾಶಿಯಿಂದ ಬಂದವರು ನೆಟ್ಟಗೆ ಮನೆಗೆ ಹೋಗುವಂತಿಲ್ಲ. ಊರ ಹೊರಗಿನ ಹಣಮಪ್ಪನ ಗುಡಿಯಲ್ಲಿ ಇಳಿಯಬೇಕು. ಮರುದಿನ ಊರವರೆಲ್ಲ ಬಂದು ಅವರನ್ನು ಬಾವಿಗೆ ಕರೆದೊಯ್ಯುತ್ತಾರೆ. ಹೊಳೆಯಲ್ಲಿ ತುಂಬಿದ ಕೈಯೇ ಬಾವಿಗೆ ಸುರಿಯಬೇಕು, ಸುರಿದ ಕೈಯೇ ಮೊದಲ ಕೊಡ ಸೇದಬೇಕು. ನಡುವೆ ಕೈ ಬದಲಾದರೆ ಗಂಗೆ ಬಾವಿಗೆ ಬರುವುದಿಲ್ಲ, ಇದ್ದ ನೀರಿನ ಸೆಲೆಯೂ ಗಂಗೆಯ ಹಿಂದೆಯೇ ಹೋಗುತ್ತದೆ ಎಂದು ನಂಬಿಕೆ. ಅದು ಮುಗಿಯುವ ತನಕ ಬಾವಿಯ ಹಗ್ಗ ಬಿಚ್ಚಿ ಇಡುತ್ತಾರೆ. ಊರಲ್ಲಿ ಯಾರೂ, ಹೊಲ ತೋಟದ ಬಾವಿಯಿಂದಲೂ, ನೀರು ಸೇದುವಂತಿಲ್ಲ.

ದೊಡ್ಡವ್ವನ ಮಗನಿಗೆ ಹೊಲ ಬಿಟ್ಟು ಹೋಗಲು ಆಗದು. ನಾನು ಸಿದ್ಧನಿದ್ದೆ, ಆದರೆ ನಾನು ಸೊಲ್ಲಾಪುರದ ಆಚೆ ಜಗತ್ತು ಕಂಡವನಲ್ಲ, ನನ್ನ ಹಿಂದಿ ಕೇಳಿದರೆ ಹಿಂದಿಯವರು ಅಳಬೇಕು. ಶಾಲೆಗೆ ಬೇಸಗೆ ಸೂಟಿ ಬಂತು. ದೊಡ್ಡವ್ವ ಮಾಸ್ತರನ್ನು ಕರೆಸಿದಳು. ಅವರು ಅಂಗಳದಲ್ಲಿ ನಿಂತರು, ಆಕೆ ಪಡಸಾಲೆಯಲ್ಲಿ ಕುಳಿತಿದ್ದಳು.

"ಮಾಸ್ತರಾ, ನಿನಗ ಹಿಂದಿ ಬರತೈತಂತ. ನನ್ನ ಕಾಶಿಗಿ ಕರಕೊಂಡ ಹೋಗತೀಯೇನು?"

"ಹೋಗೂಣ್ರಿ ಅವ್ವಾರ. ಆದ್ರ ನಿಮ್ಮ ಕಾಶಿ ಮುಗದ ಮ್ಯಾಲ ನನ್ನ ಕಾಶಿಗಿ ನೀವು ಬರಬೇಕು."

"ನಿಂದ್ಯಾವ ಕಾಶಿ?"

"ಅಲ್ಲೇ ಬಾಜೂಕ ಐತ್ರಿ. ಸಾರನಾಥ."

ಮಾಸ್ತರ ಮನೆತನ ಕೆಲವೇ ವರ್ಷಗಳ ಹಿಂದೆ ಬುದ್ಧನ ಧರ್ಮ ಹಿಡಿದಿತ್ತು. ದೊಡ್ಡವ್ವ ಸ್ವಲ್ಪ ಯೋಚಿಸಿ ಒಪ್ಪಿದಳು. ಊರಲ್ಲಿಯೂ ಯಾರೂ ತಕರಾರು ಮಾಡಲಿಲ್ಲ. ಗಂಟು ಹೊರಲು ಒಬ್ಬ ಬೇಕಲ್ಲ ಎಂದು ಗೌಡರೇ ಅಂದರು. ಕಾಶಿಗೆ ಹೋಗುವವರು ದೊಡ್ಡವ್ವ ಮತ್ತು ನಾನು, ಸಂಗಡ ಮಾಸ್ತರು. ಊರು ಹೀಗೆ ತಿಳಿದುಕೊಂಡಿತ್ತು. ಸಂಗಡ ಹೋದವನೂ ಕಾಶಿಗೆ ಹೋದಂತೆಯೇ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

ವಿಜಾಪುರದಿಂದ ಸಣ್ಣ ರೈಲುಗಾಡಿಯಲ್ಲಿ ಹೊಟಗಿ, ಸೊಲ್ಲಾಪುರ, ಅಲ್ಲಿಂದ ಮುಂದೆ ದೊಡ್ಡ ಗಾಡಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ದೊಡ್ಡವ್ವನ ಮಡಿ, ಇಷ್ಟು ನಮ್ಮ ಗಂಟಿನಲ್ಲಿದ್ದವು. ಮೊದಲ ಹೊತ್ತಿನ ಊಟಕ್ಕೆ ಆಕೆ ಮಾಸ್ತರ ಪಾಲಿನ ರೊಟ್ಟಿಯನ್ನು ದೂರದಿಂದ ಕಾಗದದ ಮೇಲೆ ಹಾಕಿದಳು. ಮಾಸ್ತರು ಕಾಗದ ಮಡಚಿ ಬದಿಗಿಟ್ಟು, ತಮ್ಮ ಊಟದ ಡಬ್ಬಿ ಬಿಚ್ಚಿಕೊಂಡು ಉಂಡರು. ಮಾರನೆಯ ದಿನ ಮಧ್ಯಾಹ್ನ ಯಾವುದೋ ಬಯಲಿನಲ್ಲಿ ಗಾಡಿ ನಿಂತುಬಿಟ್ಟಿತು. ಸುತ್ತ ಒಂದು ಗಿಡವಿಲ್ಲ, ರೈಲಿನ ಡಬ್ಬಿ ಕಾದ ಹಂಚಾಗಿತ್ತು. ನಮ್ಮ ನೀರು ಮುಗಿದಿತ್ತು. ದೊಡ್ಡವ್ವನ ತುಟಿ ಒಣಗಿ ಬಿರಿದವು. ನೀರಿದ್ದದ್ದು ಮಾಸ್ತರ ಬಾಟ್ಲಿಯಲ್ಲಿ ಮಾತ್ರ. ಆಕೆ ಅದನ್ನು ನೋಡುತ್ತಾಳೆ, ಕಿಟಕಿಯ ಹೊರಗೆ ನೋಡುತ್ತಾಳೆ, ಮತ್ತೆ ಅದನ್ನು ನೋಡುತ್ತಾಳೆ, ಬಾಯಿ ಬಿಟ್ಟು ಕೇಳಲಾರಳು. ನಾನಾದರೆ ಆಕೆ ಕೇಳುವ ತನಕ ಸುಮ್ಮನೆ ಕುಳಿತು ತಮಾಷೆ ನೋಡುತ್ತಿದ್ದೆನೇನೋ. ಮಾಸ್ತರು ಎದ್ದು ಮುಚ್ಚಳ ತೆಗೆದರು. ದೊಡ್ಡವ್ವ ತನಗೇ ತಿಳಿಯದೆ ಎರಡೂ ಕೈ ಕೂಡಿಸಿ ಬೊಗಸೆ ಒಡ್ಡಿದಳು.

"ಕೈ ಒಡ್ಡಬ್ಯಾಡ್ರಿ ಅವ್ವಾರ," ಎಂದರು ಮಾಸ್ತರು. "ತಂಬಿಗಿ ಹಿಡೀರಿ."

ಆಕೆ ತಂಬಿಗೆ ಹಿಡಿದಳು, ಕುಡಿದಳು. ಹಾದಿಯಲ್ಲಿ ದೋಷವಿಲ್ಲ ಎಂದು ಗೊಣಗಿದಳು. ಆದರೆ ಆ ಸಂಜೆ ರೊಟ್ಟಿಯನ್ನು ಅವರ ಕೈಗೇ ಕೊಟ್ಟಳು. ಮಾಸ್ತರು ಡಬ್ಬಿ ಬಿಚ್ಚಲಿಲ್ಲ.

ಕಾಶಿಯ ಬಗ್ಗೆ ನಾನು ಏನು ಹೇಳಲಿ. ನಾನು ಕಂಡದ್ದು ಓಣಿ, ಓಣಿಯ ತುಂಬ ಎತ್ತು, ಮೆಟ್ಟಿಲು, ಮೆಟ್ಟಿಲ ಮೇಲೆ ಛತ್ರಿ, ಒಂದು ಕಡೆ ಮದುವೆಯ ಜೋಡಿ, ಪಕ್ಕದಲ್ಲಿಯೇ ಉರಿಯುವ ಹೆಣ. ಅದೆಲ್ಲದರ ನಡುವೆ ಹೊಳೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ದೊಡ್ಡವ್ವ ಮೊದಲ ಸಲ ಕಂಡಾಗ ಮೆಟ್ಟಿಲ ಮೇಲೆ ಕುಳಿತು ಅತ್ತಳು. ನನಗೂ ಕಣ್ಣು ತುಂಬಿತು. ಅಲ್ಲಿಯ ಪಂಡಾ ನಮ್ಮ ಕುಲ ಗೋತ್ರ ಕೇಳುತ್ತ ಬಂದು, ಮಾಸ್ತರ ಕಡೆ ಬೆರಳು ತೋರಿಸಿ ಇವರು ಯಾರು ಎಂದ. ದೊಡ್ಡವ್ವ ಕನ್ನಡದಲ್ಲಿ ಈತ ನಮ್ಮ ಸಾಲಿ ಮಾಸ್ತರ ಎಂದಳು. ಮಾಸ್ತರು ತಮ್ಮನ್ನೇ ಹಿಂದಿಗೆ ಅನುವಾದಿಸಿ ಹೇಳಿದರು. 'ಗುರೂಜಿ' ಎಂದು ಅವನು ಕೈ ಮುಗಿದ. ಕಾಶಿಯಲ್ಲಿ ಇಷ್ಟದ್ದೊಂದು ಬಿಡಬೇಕಂತೆ, ದೊಡ್ಡವ್ವ ಹೀರೇಕಾಯಿ ಬಿಟ್ಟಳು. ನೀವು ಎಂದು ಹೀರೇಕಾಯಿ ತಿಂದಿದ್ದಿರಿ ಎಂದು ಮಾಸ್ತರು ಕೇಳಿದರೆ, ಬಿಟ್ಟ ಮೇಲೆ ಅದರ ಮಾತೇಕೆ ಎಂದಳು.

ಗಂಗಾಜಲ ತುಂಬುವ ಹೊತ್ತು ಬಂತು. ದಂಡೆಯ ನೀರಿನಲ್ಲಿ ಹೂವು, ಸೋಪು, ಬೂದಿ. ದೊಡ್ಡವ್ವನಿಗೆ ನಡುಹೊಳೆಯ ನೀರೇ ಬೇಕು. ಒಂದು ನಾವೆ ಬಾಡಿಗೆಗೆ ಹಿಡಿದೆವು. ಹಳ್ಳದಲ್ಲಿ ಮೊಣಕಾಲ ತನಕ ನೀರು ಬಂದರೆ ಹಣಮಪ್ಪನನ್ನು ನೆನೆಯುವವನು ನಾನು. ನಾವೆ ಅಲುಗಿದ ಕೂಡಲೇ ಹಲಗೆ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದವನು, ದಂಡೆ ಸೇರಿದ ಮೇಲೇ ತೆರೆದೆ. ದೊಡ್ಡವ್ವನಿಗೆ ಬಗ್ಗಲು ಸೊಂಟ ಬಾರದು. ಹೀಗಾಗಿ ನಡುಹೊಳೆಯಲ್ಲಿ ಬಗ್ಗಿ ತಾಮ್ರದ ಗಿಂಡಿ ತುಂಬಿದವರು ಮಾಸ್ತರು. ತುಂಬಿ, ಮುಚ್ಚಿ, ಆಕೆಯ ಮಡಿಲಲ್ಲಿಟ್ಟು, ಮತ್ತೆ ಬಗ್ಗಿ ಒಂದು ಕೈ ನೀರು ತೆಗೆದುಕೊಂಡು ತಾವೂ ಕುಡಿದರಂತೆ. ನಿನಗೆ ಇದರ ಮೇಲೆ ಭಕ್ತಿ ಇದೆಯೇನು ಎಂದು ದೊಡ್ಡವ್ವ ಕೇಳಿದ್ದಕ್ಕೆ, ಭಕ್ತಿ ಅಲ್ಲ, ಇಲ್ಲಿ ಯಾರನ್ನೂ ಕೇಳಬೇಕಾಗಿಲ್ಲವಲ್ಲ, ಅದಕ್ಕೆ ಎಂದರಂತೆ. ದಂಡೆಯ ಮೇಲೆ ಗಿಂಡಿಯ ಬಾಯಿಗೆ ಬೆಸುಗೆ ಹಾಕಿಸಿದೆವು.

ಮರುದಿನ ಸಾರನಾಥ. ಅಲ್ಲಿ ಗದ್ದಲವಿಲ್ಲ. ಮಾಸ್ತರು ಟೊಪ್ಪಿಗೆ ತೆಗೆದು, ಹಳೆಯ ಸ್ತೂಪದ ಎದುರು ಹುಲ್ಲಿನ ಮೇಲೆ ಬಹಳ ಹೊತ್ತು ಕುಳಿತರು. ಪಲ್ಟನ್ನಿನಲ್ಲಿದ್ದಾಗಲೂ ಅಳದ ಮನುಷ್ಯ ಎಂದು ನಾನು ತಿಳಿದಿದ್ದೆ, ಅಲ್ಲಿ ಅತ್ತರು. ದೊಡ್ಡವ್ವ ಗಿಡದ ನೆರಳಲ್ಲಿ ಕುಳಿತು ಅವರನ್ನೇ ನೋಡುತ್ತಿದ್ದಳು. ಹೊರಡುವಾಗ, ನಿನ್ನ ಈ ದೇವರಿಗೆ ಏನು ಏರಿಸಬೇಕು, ಕಾಯಿಯೋ ಎಣ್ಣೆಯೋ ಎಂದು ಕೇಳಿದಳು.

"ಈತ ಏನೂ ಕೇಳಂಗಿಲ್ರಿ ಅವ್ವಾರ."

"ಹಂಗಾದ್ರ ನಿನ್ನಂಗ ಅದಾನ," ಎಂದಳು ದೊಡ್ಡವ್ವ. ಕೈ ಮುಗಿದಳು.

ನಾವು ಊರಿಗೆ ಬಂದು ಹಣಮಪ್ಪನ ಗುಡಿಯಲ್ಲಿ ಇಳಿದೆವು. ಮಾಸ್ತರು ಟಿಕೋಟಾಕ್ಕೆ ಹೋಗಿ, ಮರುದಿನ ಮುಂಜಾನೆ ಗಂಗೆ ಕೂಡಿಸುವುದನ್ನು ನೋಡಲು ಸೈಕಲ್ಲಿನ ಮೇಲೆ ಬಂದರು. ಬಾಜಾ ಭಜಂತ್ರಿಯೊಂದಿಗೆ ಊರೇ ಬಾವಿಗೆ ಬಂತು. ಹಗ್ಗ ಬಿಚ್ಚಿ ಕಟ್ಟೆಯ ಮೇಲೆ ಸುತ್ತಿ ಇಟ್ಟಿದ್ದರು. ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು, ಗಂಗೆ ಕೂಡಿದ ನೀರು ಮೊದಲು ಮನೆಗೆ ಒಯ್ಯಬೇಕು. ಆಚೆ ಬೇವಿನ ಗಿಡದ ಬುಡದಲ್ಲಿ ಕೇರಿಯ ಹೆಂಗಸರು, ಅವರ ಮುಂದೆ ಯಲ್ಲವ್ವ. ಮಾಸ್ತರು ಅವರ ಬದಿಗೆ ನಿಂತರು, ಹೆಗಲ ಮೇಲೆ ಬಾಟ್ಲಿ.

ಪೂಜಾರಿ ಬೆಸುಗೆ ಬಿಡಿಸಿ, ಅರಿಷಿಣ ಕುಂಕುಮ ಏರಿಸಿ, ಪದ್ಧತಿಯಂತೆ ಗಟ್ಟಿ ದನಿಯಲ್ಲಿ ಕೇಳಿದ:

"ಹೊಳ್ಯಾಗ ತುಂಬಿದವರು ಯಾರು, ಮುಂದ ಬರ್ರಿ."

ಆಗ ದೊಡ್ಡವ್ವನ ಮುಖ ನೋಡಬೇಕಿತ್ತು. ನನ್ನದನ್ನು ನಾನು ನೋಡಿಕೊಳ್ಳುವ ಹಾಗಿರಲಿಲ್ಲ. ಅಷ್ಟು ದೂರ ಹೋಗಿ ಬಂದ ನಮ್ಮಿಬ್ಬರಿಗೂ ಆ ಕ್ಷಣದ ತನಕ ಇದು ಹೊಳೆದಿರಲಿಲ್ಲ. ಪೂಜಾರಿ ಮತ್ತೊಮ್ಮೆ ಕೇಳಿದ. ತುಂಬಿದವರು ಯಾರೆಂದು ಗೌಡರಿಗೆ ನಮ್ಮ ಮುಖ ನೋಡಿಯೇ ತಿಳಿಯಿತು. ಹತ್ತಿರ ಬಂದು ಸಣ್ಣ ದನಿಯಲ್ಲಿ, "ವೈನಿ, ನಿಮ್ಮ ತಂಗಿ ಮಗ ತುಂಬ್ಯಾನ ಅಂತ ಹೇಳಿ ಬಿಡ್ರಿ, ಮುಗೀತು" ಎಂದರು.

ಎಲ್ಲರೂ ನನ್ನ ಕಡೆ ನೋಡಿದರು. "ನಾವ್ಯಾಗ ನಾ ಕಣ್ಣ ಮುಚ್ಚಿಕೊಂಡ ಕುಂತಿದ್ದೆ," ಎಂದೆ. ಕೆಲವರು ನಕ್ಕರು. ಇರಲಿ, ಅದು ಸತ್ಯ.

ದೊಡ್ಡವ್ವ ಗಿಂಡಿಯನ್ನು ಎದೆಗೆ ಹಿಡಿದು ಬಾವಿಯ ಕಟ್ಟೆಯ ಮೇಲೆ ಕುಳಿತಳು. "ಕಾಶಿ ಮಾಡಿ ಬಂದೀನಿ, ಸುಳ್ಳ ಹೇಳಂಗಿಲ್ಲ. ತುಂಬಿದ ಕೈ ಮಾಸ್ತರಂದು."

ಗದ್ದಲವೆದ್ದಿತು. ಕೇರಿಯವನು ಕಟ್ಟೆ ಹತ್ತುವುದೆಂದರೇನು ಎಂದರು ಕೆಲವರು. ಹಾಗಾದರೆ ಬೇರೆ ಯಾರಾದರೂ ಸುರಿಯಲಿ ಎಂದರೆ ಪೂಜಾರಿ ಒಪ್ಪಲೊಲ್ಲ. ನಾಳೆ ಸೆಲೆ ಹೋದರೆ ನನ್ನ ತಲೆಗೆ ಬರುತ್ತದೆ ಎಂದ. ಊರು ತಾನು ಹೆಣೆದ ಹಗ್ಗಕ್ಕೆ ತಾನೇ ಸಿಕ್ಕಿಬಿದ್ದಿತ್ತು. ಕೊನೆಗೆ ಗೌಡರೇ ಒಂದು ದಾರಿ ತೆಗೆದರು. ಒಂದು ಸಲ ಬಂದು ಸುರಿದು ಹೋಗಲಿ, ಆಮೇಲೆ ಕಟ್ಟೆ ತೊಳೆಸಿ ಶುದ್ಧ ಮಾಡಿಸೋಣ ಎಂದು ಹೇಳಿ, ಬೇವಿನ ಗಿಡದ ಕಡೆ ತಿರುಗಿ, "ಬಾ ಮಾಸ್ತರಾ" ಎಂದರು.

ಮಾಸ್ತರು ಅಲುಗಲಿಲ್ಲ.

"ನಾ ಒಬ್ಬನ ಬರಂಗಿಲ್ರಿ ಗೌಡ್ರ. ಕಾಶಿಗಿ ಹೋಗಿ ಬಂದಾನಂತ ನನಗ ಒಂದ ದಿನ ಬಿಡೂದು ಬ್ಯಾಡ. ನಾ ಸುರವಿದ ಮ್ಯಾಲ ಇವರೂ ಸೇದಬೇಕು. ಇವತ್ತ ಅಷ್ಟ ಅಲ್ಲ, ನಾಳಿನೂ."

ಕೂಗಿ ಹೇಳಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗುವ ದನಿಗಿಂತ ಸಣ್ಣ ದನಿ. ಆದರೆ ಎಲ್ಲರಿಗೂ ಕೇಳಿಸಿತು. ಗೌಡರು ಮುಖ ಕೆಂಪಗೆ ಮಾಡಿಕೊಂಡು, ಹೆಗಲ ಮೇಲಿನ ವಸ್ತ್ರ ಝಾಡಿಸಿ, ಮನೆಗೆ ಹೊರಟುಹೋದರು. ಅವರ ಹಿಂದೆ ಒಂದಿಷ್ಟು ಜನ ಹೋದರು. ಭಜಂತ್ರಿ ನಿಂತಿತು.

ಬಿಸಿಲು ಏರಿತು. ಬೇಸಗೆಯ ಕಡೆಯ ದಿನಗಳು, ನಮ್ಮ ಕಡೆಯ ಬಿಸಿಲು. ಹಿಂದಿನ ಸಂಜೆಯೇ ಮನೆ ಮನೆಯ ಕೊಡ ಖಾಲಿ ಮಾಡಿ ತೊಳೆದು ಇಟ್ಟಿದ್ದರು, ಒಂದು ಹನಿ ನೀರಿಲ್ಲ. ಹಗ್ಗ ಕಣ್ಣೆದುರಿಗೇ ಇದೆ, ಬಾವಿಯಲ್ಲಿ ನೀರು ಕಾಣುತ್ತಿದೆ, ಮುಟ್ಟುವಂತಿಲ್ಲ. ಮಕ್ಕಳು ಅಳತೊಡಗಿದವು. ದೊಡ್ಡವ್ವ ಕಟ್ಟೆ ಬಿಟ್ಟು ಏಳಲಿಲ್ಲ. ಅವತ್ತು ಊರೆಲ್ಲ ಯಲ್ಲವ್ವ ದಿನವೂ ನಿಲ್ಲುವ ಹಾಗೆ ನಿಂತಿತ್ತು, ಖಾಲಿ ಕೊಡ ಹಿಡಿದುಕೊಂಡು, ಯಾರಾದರೂ ಹೊಯ್ಯುತ್ತಾರೇನೋ ಎಂದು.

ಕೊನೆಗೆ ಬಂದವಳು ಗೌಡರ ಮನೆಯ ಸೊಸೆ. ಸೊಂಟದಲ್ಲಿ ಕೂಸು, ಕೈಯಲ್ಲಿ ಕೊಡ. ಎಲ್ಲರ ನಡುವೆ ನಡೆದು ಬೇವಿನ ಗಿಡದ ತನಕ ಹೋದಳು.

"ಮಾಸ್ತರ್ರಿ," ಎಂದಳು, "ಕೂಸಿಗಿ ನೀರ ಬೇಕ್ರಿ..."

ಮಾಸ್ತರು ಆಕೆಯನ್ನು ಮುಂದೆ ಮಾತಾಡಗೊಡಲಿಲ್ಲ. "ಕೇಳಬ್ಯಾಡ್ರಿ ಯವ್ವಾ," ಎಂದರು. ಬಾಟ್ಲಿ ತೆಗೆದು ಆಕೆಯ ಕೈಗೇ ಕೊಟ್ಟರು. ಗೌಡರ ಸೊಸೆ ಅದರ ಮುಚ್ಚಳ ತೆಗೆದು, ಎಲ್ಲರೂ ನೋಡುತ್ತಿದ್ದಂತೆ ಕೂಸಿಗೆ ಕುಡಿಸಿದಳು. ಆಮೇಲೆ ಬಗ್ಗಿ ಯಲ್ಲವ್ವನ ಕೊಡವನ್ನು ತಾನೇ ಎತ್ತಿಕೊಂಡು, ಬಾ ಯಲ್ಲವ್ವಾ ಎಂದು ಬಾವಿಯ ಕಡೆ ನಡೆದಳು. ಉಳಿದ ಹೆಂಗಸರು ಹಾದಿ ಬಿಟ್ಟರು. ಗಂಡಸರು ಬಾಯಿ ಬಿಡುವುದರೊಳಗೆ ಹೆಂಗಸರ ಸಾಲು ಒಂದಾಗಿ ಹೋಗಿತ್ತು. ಮನೆಯಲ್ಲಿ ಒಲೆ ಹತ್ತಬೇಕಾದರೆ ಇನ್ನು ಯಾರು ಏನು ಅನ್ನಬೇಕು.

ದೊಡ್ಡವ್ವ ಎದ್ದು ನಿಂತಳು. ಕಾಶಿಗೆ ಹೋಗಿ ಬರುವ ತನಕ ಹಾದಿಯುದ್ದಕ್ಕೂ 'ಮಾಸ್ತರಾ' ಎಂದವಳು.

"ಬರ್ರಿ, ಮಾಸ್ತರ," ಎಂದಳು.

ಅವರು ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದರು. ಗಿಂಡಿ ತೆಗೆದುಕೊಂಡು ಗಂಗೆಯನ್ನು ಬಾವಿಗೆ ಸುರಿದರು. ಹಗ್ಗ ಕಟ್ಟಿ ಮೊದಲ ಕೊಡ ಸೇದಿದರು, ಅದನ್ನು ಗೌಡರ ಸೊಸೆಯ ಕೊಡಕ್ಕೆ ಹೊಯ್ದರು. ಆಮೇಲೆ ಹಗ್ಗದ ತುದಿ ಕೈಯಲ್ಲಿ ಹಿಡಿದು, "ಯಲ್ಲವ್ವಾರ, ಮುಂದ ಬರ್ರಿ" ಎಂದರು. ಯಲ್ಲವ್ವ ಅಂದು ಹಿಂದೆ ತಿರುಗಿ ನೋಡಲಿಲ್ಲ. ಬಾವಿಯ ಗಡಗಡಿ ಗಾಲಿಯ ಸದ್ದು ಆಕೆ ಹುಟ್ಟಿದಾಗಿನಿಂದ ದೂರ ನಿಂತು ಕೇಳಿದ್ದು, ಅಂದು ಆಕೆಯ ಕೈಯಿಂದಲೇ ಬಂತು. ಅರ್ಧ ನೀರು ತುಳುಕಿ ಹೋಯಿತು. ದೊಡ್ಡವ್ವ ಹೇಗೆ ಜಗ್ಗಬೇಕೆಂದು ಬೈದು ಬೈದು ಕಲಿಸಿದಳು.

ಅಂದಿಗೇ ಊರು ಬದಲಾಯಿತು ಎಂದರೆ ಸುಳ್ಳಾದೀತು. ಗೌಡರ ಮನೆಗೆ ಬಹಳ ದಿನ ತೋಟದ ಬಾವಿಯಿಂದ ನೀರು ಹೋಯಿತು, ಸೊಸೆ ಏನೇನು ಕೇಳಬೇಕಾಯಿತೋ ನನಗೆ ಗೊತ್ತಿಲ್ಲ. ಕೆಲವರು ದೊಡ್ಡವ್ವನ ಮನೆಯಲ್ಲಿ ಉಣ್ಣುವುದನ್ನು ಬಿಟ್ಟರು. ಅನ್ನ ಉಳಿಯಿತು ಎಂದು ಆಕೆ ಅಂದಳು. ಆದರೆ ಯಲ್ಲವ್ವ ಮರುದಿನವೂ ಬಂದಳು, ಅದರ ಮರುದಿನವೂ ಬಂದಳು, ಹಗ್ಗ ಯಾರೂ ಕಸಿಯಲಿಲ್ಲ. ಗಂಗೆ ಕೂಡಿಸಿದವರ ಮಾತು ಮುರಿದರೆ ಸೆಲೆ ಹೋದೀತು ಎಂಬ ಭಯ ನಮ್ಮೂರಿಗೆ ಉಪಕಾರ ಮಾಡಿತು. ಮಾಸ್ತರ ಮುಂದೆ ಮಾತಾಡುವಾಗ ಊರ ಬಾಯಿಗೆ 'ರಿ' ಮೆಲ್ಲಗೆ ಬಂತು, ಹಿರಿಯರಿಗೆ ಸ್ವಲ್ಪ ತಡವಾಗಿ. ಇಂಥವರ ಕೈಕೆಳಗೆ ನಾನು ಸಣ್ಣ ಮಾಸ್ತರನಾಗಿದ್ದೆ ಎಂದು ಇವತ್ತಿಗೂ ಸಿಕ್ಕವರ ಮುಂದೆಲ್ಲ ಹೇಳಿಕೊಳ್ಳುತ್ತೇನೆ. ಇದು ಹೆಮ್ಮೆಯೇ, ಮುಚ್ಚಿಡುವುದೇನಿದೆ.

ಸೂಟಿ ಮುಗಿದು ಶಾಲೆ ತೆರೆಯಿತು. ಮಾಸ್ತರು ಸೈಕಲ್ಲಿನ ಮೇಲೆ ಬಂದರು, ಅದೇ ಇಸ್ತ್ರಿಯ ಅಂಗಿ, ಅದೇ ಕೆಟ್ಟ ಬ್ರೇಕು. ಏನೋ ಒಂದು ಕಡಿಮೆಯಾಗಿದೆ ಅನ್ನಿಸಿತು, ಏನೆಂದು ತಟ್ಟನೆ ಹೊಳೆಯಲಿಲ್ಲ. ಆಮೇಲೆ ಕಂಡಿತು, ಹೆಗಲು ಖಾಲಿ. ಬಾಟ್ಲಿಯನ್ನು ಖೋಲಿಯ ಗೋಡೆಗೆ ನೇತುಹಾಕಿ ಬಂದಿದ್ದರು. ನಾನು ಹರವಿಯ ಹತ್ತಿರ ಕುಳಿತು ಮಕ್ಕಳ ಪಾಟಿ ತಿದ್ದುತ್ತಿದ್ದೆ. ಅವರು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು.

"ಸಣ್ಣ ಮಾಸ್ತರ, ಒಂದ ತಂಬಿಗಿ ನೀರ ಕೊಡ್ರಿ," ಎಂದರು.

ಎದ್ದು ತುಂಬಿ ಅವರ ಕೈಗೆ ಕೊಟ್ಟೆ. ಮಾಸ್ತರು ನೀರು ಕೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.